ಮುಳ್ಳಿಲ್ಲದ ಮೀನು

ಶನಿವಾರ ಮಧ್ಯಾಹ್ನ ಅಲ್ ಮುರಕ್ಕಬಾತ್‌ನ ಆ ಹೋಟೆಲಿನಲ್ಲಿ ಜಾಗ ಸಿಗುವುದೇ ಕಷ್ಟ. ನಮಗೆ ಸಿಕ್ಕಿದ್ದು ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೇಜು. ನಾನು, ಗಂಡ, ಎಂಟು ವರ್ಷದ ಮಗಳು, ಮತ್ತು ಊರಿನಿಂದ ಈ ಅರಬ್ ದೇಶಕ್ಕೆ ವಿಸಿಟ್ ವೀಸಾದಲ್ಲಿ ಬಂದಿದ್ದ ಮಾವ, ಅಂದರೆ ನನ್ನ ಅಮ್ಮನ ತಮ್ಮ. ಮಾವ ಮಲ್ಪೆ ಬಂದರಿನಲ್ಲಿ ಮೀನು ಏಲಂ ಕೂಗುವವರು. ಬೋಟಿನಿಂದ ಬುಟ್ಟಿ ಇಳಿದ ಕೂಡಲೇ ಅಷ್ಟು ಜನರ ಗದ್ದಲದ ಮೇಲೆ ಬೆಲೆ ಏರಿಸುತ್ತಾ ಹೋಗುವ ಸ್ವರವೇ ಅವರ ಸಂಪಾದನೆ. ಅವರು ಬಂದಾಗಿನಿಂದ ನಮ್ಮ ಫ್ಲ್ಯಾಟಿನಲ್ಲಿ “ಮೆಲ್ಲ ಮಾತಾಡಿ ಮಾವ” ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಮಾವ ತಮಗೆ ಬಂಗುಡೆ ಪುಳಿಮುಂಚಿ, ಬೂತಾಯಿ ಫ್ರೈ, ಕುಚ್ಚಲಕ್ಕಿ ಅನ್ನ ಹೇಳಿದರು. ಮಗಳು ಎಂದಿನಂತೆ, “ಹಮ್ಮೂರ್ ಫಿಲೆ. ನೋ ಬೋನ್ಸ್ ಪ್ಲೀಸ್,” ಅಂದಳು.

“ಮುಳ್ಳಿಲ್ಲದ್ದಾ?” ಮಾವ ಅಷ್ಟು ಜೋರಾಗಿ ಕೇಳಿದರೆಂದರೆ ಎರಡು ಮೇಜಿನವರು ತಿರುಗಿದರು. “ಅದಕ್ಕಿಂತ ಪನೀರ್ ತಿನ್ನು ಮಾರಾಯ್ತಿ. ಇವಳ ಮೀನನ್ನು ನಾನು ಏಲಂ ಹಾಕಿದರೆ ಜನ ನನ್ನನ್ನೇ ನೀರಿಗೆ ದೂಡಿಯಾರು.”

“ಅಜ್ಜ, ಯೂ ಆರ್ ಶೌಟಿಂಗ್,” ಅಂದಳು ಮಗಳು.

“ಕೂಗದಿದ್ದರೆ ನನಗೆ ಅನ್ನ ಯಾರು ಕೊಡುತ್ತಾರೆ?”

ಊಟ ಬಂತು. ಮಾವ ಬೂತಾಯಿಯನ್ನು ಬಾಯಿಯ ಒಂದು ಬದಿಯಿಂದ ಒಳಗೆ ಹಾಕಿ ಇನ್ನೊಂದು ಬದಿಯಿಂದ ನಡುಮುಳ್ಳು ಎಳೆದು ಎಲೆಯ ಅಂಚಿಗಿಡುತ್ತಿದ್ದರು. ಮಗಳು ತಿನ್ನುವುದನ್ನು ಬಿಟ್ಟು ಅದನ್ನೇ ನೋಡಿದಳು. ಆಮೇಲೆ ಮಾವ ಅವಳ ತಟ್ಟೆಗೆ ಕೈಹಾಕಿ, “ನೋಡುವ, ಈ ಪನೀರಿನ ರುಚಿ ಎಂತದ್ದು,” ಅಂತ ಫಿಲೆಯ ಒಂದು ದೊಡ್ಡ ತುಂಡನ್ನು ಬಾಯಿಗೆ ಹಾಕಿದರು. ಜಗಿಯಲಿಲ್ಲ ಅಂತಲೇ ಹೇಳಬೇಕು. ಮುಳ್ಳಿಲ್ಲ ಅಂದ ಮೇಲೆ ನಾಲಗೆಯಿಂದ ಹುಡುಕುವುದು ಏನಿದೆ?

ಆ ಗಳಿಗೆಯಲ್ಲಿ ನಾನು ಗಮನಿಸಿದ್ದು ಇಷ್ಟೇ: ಅವರು ಮಾತು ನಿಲ್ಲಿಸಿದರು. ಗಂಡ ಬಂದರಿನ ಬಗ್ಗೆ ಏನೋ ಕೇಳಿದರೆ ಕೈಯಲ್ಲೇ “ಇರು” ಅಂದರು. ಸಾರು ಹಾಕದ ಬಿಳಿ ಅನ್ನವನ್ನು ಅಂಗೈಯಲ್ಲಿ ಒತ್ತಿ ನಿಂಬೆಗಾತ್ರದ ಉಂಡೆ ಮಾಡಿ ಹಾಗೇ ನುಂಗಿದರು. ಇನ್ನೊಂದು ಮಾಡಿದರು. ಅದು ಏನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಅಮ್ಮ ನಮಗೆ ಕೊಡುತ್ತಿದ್ದದ್ದೂ ಅದೇ ಉಂಡೆ. ಅನ್ನ ಮುಳ್ಳನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ ಅನ್ನುವುದು ಲೆಕ್ಕ.

“ಮಾವ, ಮುಳ್ಳಾ?” ಅಂತ ಕೇಳಿದೆ.

ಅವರು ತಲೆ ಅಲ್ಲಾಡಿಸಿದರು. ಇಲ್ಲ. ಮಾಣಿಯನ್ನು ಕರೆದು ಬಾಳೆಹಣ್ಣು ಬೇಕೆಂದು ಸನ್ನೆ ಮಾಡಿದರು, ಅದನ್ನೂ ಎರಡೇ ತುಂಡಿನಲ್ಲಿ ನುಂಗಿದರು. ನಾಲ್ಕನೆಯದೋ ಐದನೆಯದೋ ಉಂಡೆಗೆ ಅವರ ಕಣ್ಣಲ್ಲಿ ನೀರು ಬಂತು. ಎಂಜಲು ನುಂಗಲಾಗದೆ ಟಿಶ್ಯೂವಿಗೆ ಉಗುಳಿದಾಗ ಅದರಲ್ಲಿ ಕೆಂಪು ಇತ್ತು. ಗಂಡ ಕಾರು ತರಲು ಎದ್ದು ಹೋದರು. ಮಗಳು ತನ್ನ ತಟ್ಟೆಯನ್ನು ದೂರ ಸರಿಸಿದಳು. ಮಾವನ ಬಾಯಿಗೆ ಹೋದದ್ದು ಅವಳ ತಟ್ಟೆಯ ತುಂಡು ಎಂಬುದು ನನಗೆ ಆಗ ಹೊಳೆಯಿತು. ಉಳಿದ ಫಿಲೆಯನ್ನು ಬೆರಳಿನಿಂದ ಪುಡಿ ಮಾಡಿ ಮುಳ್ಳು ಹುಡುಕಿದೆ.

ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಮಲಯಾಳಿ ಹೆಂಗಸು. ಹಿಂದಿಯಲ್ಲಿ ಕೇಳಿದರು: “ಮೀನಾದ ಮೇಲೆ ಏನಾದರೂ ತಿಂದಿದ್ದಾರಾ?”

ಮಾವ ಕೈ ಅಲ್ಲಾಡಿಸಿದರು, ಏನೂ ಇಲ್ಲ ಅಂತ. ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಇಡೀ ಬಂದರಿಗೆ ಮೀನು ಅಳೆದು ಹೇಳುವ ಮನುಷ್ಯನಿಗೆ ಮುಳ್ಳು ಸಿಕ್ಕಿದ್ದೇ ನಾಚಿಕೆ. ಅದರ ಮೇಲೆ ಉಂಡೆ ನುಂಗಿದ್ದು ಪರಊರಿನ ಡಾಕ್ಟರಮ್ಮನಿಗೆ ಗೊತ್ತಾಗುವುದು ಬೇಡ ಅಂತ ಅವರ ಮನಸ್ಸು. ನನಗೂ ಅದು ಅರ್ಥವಾಯಿತು. ಆದರೂ ಹೇಳಿದೆ. ಮೊದಲು ಅನ್ನ, ಮತ್ತೆ ಅನ್ನ, ಬಾಳೆಹಣ್ಣು, ಮತ್ತೆ ಅನ್ನ, ಆಮೇಲೆ ರಕ್ತ. ಒಂದನ್ನೂ ಬಿಡಲಿಲ್ಲ. ಮಾವ ಮಣಿಕಟ್ಟು ಬಿಟ್ಟರು.

ಡಾಕ್ಟರು ಸ್ಕ್ಯಾನ್ ತೋರಿಸಿದರು. ಅನ್ನ ಮುಳ್ಳನ್ನು ಕೆಳಗೆ ಒಯ್ದಿರಲಿಲ್ಲ, ಸ್ವರಪೆಟ್ಟಿಗೆಯ ಹಿಂಬದಿಗೆ ಅಡ್ಡವಾಗಿ ಚುಚ್ಚಿತ್ತು. ಹೊಟ್ಟೆ ತುಂಬಿರುವುದರಿಂದ ಈಗಲೇ ಅರಿವಳಿಕೆ ಕೊಟ್ಟರೆ ಅನ್ನ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಕಾಯಬೇಕು. ಕಾಯುವಾಗ ಊತ ಏರಿದರೆ ಉಸಿರಿಗೆ ತೊಂದರೆ. “ನೀವು ಹೇಳಿದ್ದು ಒಳ್ಳೆಯದಾಯಿತು,” ಅಂದರು. ನನಗೆ ಒಳ್ಳೆಯದು ಏನೂ ಕಾಣಲಿಲ್ಲ.

ಸಂಜೆಯವರೆಗೆ ನಾನು ಅವರ ಗಂಟಲನ್ನೇ ನೋಡುತ್ತಾ ಕೂತೆ. ಕೂರಲಾಗದೆ ಎದ್ದೆ, ಬಾಗಿಲವರೆಗೆ ಹೋದೆ, ಉಸಿರಿನ ಸದ್ದು ಬದಲಾಯಿತೇನೋ ಅನಿಸಿ ಓಡಿ ಬಂದೆ. ಒಮ್ಮೆ ಮಾವ ಪಿಸುಗುಟ್ಟಿದರು: “ಯಾಕೆ ಹೇಳಿದ್ದು ಮಗಾ?”

“ಹೇಳದೆ ಮತ್ತೆ?”

“ಊರಲ್ಲಿ ಹೇಳಬೇಡ.”

“ಮಾತಾಡಬೇಡಿ ಮಾವ.” ಇಷ್ಟು ದಿನ ಹೇಳಿದಂತೆಯೇ ಬಾಯಿಗೆ ಬಂತು. ಅವರು ಗೋಡೆಯ ಕಡೆಗೆ ತಿರುಗಿದರು.

ಕತ್ತಲಾಗುವ ಮುಂಚೆ ಮುಳ್ಳು ತೆಗೆದರು. ಜೀವಕ್ಕೆ ಏನೂ ಆಗಲಿಲ್ಲ. ಸ್ವರತಂತುವಿನ ಹತ್ತಿರ ಗಾಯವಾಗಿದೆ, ಕೆಲವು ವಾರ ಮೌನ, ಆಮೇಲೆ ನೋಡೋಣ, ಕೂಗುವುದಂತೂ ಸದ್ಯಕ್ಕಿಲ್ಲ ಅಂದರು ಡಾಕ್ಟರು. ವಿಮಾನ ಹತ್ತುವವರೆಗೂ ಮಾವ ಗಂಜಿ ಕುಡಿದರು. ಫ್ಲ್ಯಾಟು ಎಷ್ಟು ಸದ್ದಿಲ್ಲದೆ ಇತ್ತೆಂದರೆ ಮಗಳು ಬಾಗಿಲಲ್ಲಿ ನಿಂತು, “ಈಸ್ ಅಜ್ಜ ಆಂಗ್ರಿ ವಿತ್ ಮಿ?” ಅಂತ ಕೇಳಿದಳು. ಮಾವ ಅವಳನ್ನು ಹತ್ತಿರ ಕರೆದು ತಲೆ ಸವರಿದರು.

ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಮಾವನಿಗೆ ಫೋನ್ ಮಾಡಿದೆ. ಬಂದರಿನಲ್ಲಿದ್ದರು. ಬೋಟುಗಳ ಇಂಜಿನ್ನು, ಹೆಂಗಸರ ಮಾತು, ಅದರ ಮೇಲೆ ಬೆಲೆ ಕೂಗುವ ಒಂದು ಗಟ್ಟಿ ಸ್ವರ. ನನಗೆ ಜೀವ ಬಂದಂತಾಯಿತು.

“ಮಾವ, ಸ್ವರ ಬಂತಾ?”

ಅವರ ಉತ್ತರದಲ್ಲಿ ಉಸಿರಿನ ಗಾಳಿಯೇ ಹೆಚ್ಚು, ಮಾತು ಕಡಿಮೆ, ಫೋನನ್ನು ಕಿವಿಗೆ ಒತ್ತಿ ಹಿಡಿದರೆ ಮಾತ್ರ ತಿಳಿಯುವಷ್ಟು:

“ಅದು ನಾನಲ್ಲ ಮಗಾ. ಬೇರೆಯವನು. ಬೆಲೆ ಬೇಗ ಬಿಟ್ಟುಕೊಡ್ತಾನೆ ಅವನು, ಸ್ವಲ್ಪ ತಡೆಯಬೇಕಿತ್ತು.”