ವಿಲಾಯತಿ ಬೇವು

ನಾನು ಮೇಲ್ವಿಚಾರಕನಾಗಿದ್ದ ಜತ್ತದ ಸಂಗ್ರಹಾಲಯದಲ್ಲಿ ಒಂದು ಹಳೆಯ ವಿಮಾನ, ಕಟ್ಟಿಗೆ ಅಡ್ಡೆಯ ಗರಗಸಗಳು ಇದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಮುದಿ ಬಡಿಗರು. ಯಾವ ಹಲಗೆ ಕಂಡರೂ ಉಗುರಿನಿಂದ ಕೆರೆದು, "ಮೂಸಿ ನೋಡ್ರಿ ಸಾಹೇಬ್ರ, ಕಟ್ಟಿಗಿ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದರು.

ವಿಮಾನದ ಮೂಗಿನ ಮರದ ಪಂಖಕ್ಕೆ ಹುಳು ಹಿಡಿದಾಗ ಬೇವಿನಲ್ಲಿ ಹೊಸದನ್ನು ಕೆತ್ತಿ ಕೂಡಿಸಿದವರು ಅವರೇ. 'ಮೂಲ ವಿಲಾಯತಿ ಪಂಖ' ಎಂಬ ಫಲಕವನ್ನು ನಾನು ಬದಲಿಸಲಿಲ್ಲ.

ಸಾಂಗಲಿಯಿಂದ ಬಂದ ಅಧಿಕಾರಿಯೊಬ್ಬರು ಆ ಪಂಖವನ್ನು ಹೊಗಳಿದಾಗ ಬಡಿಗರು ಮುಂದೆ ಬಂದು, "ಇಲ್ಲೇ ಬಾಲಗಾಂವದ ಬೇವು ರೀ ಇದು. ನಾನ ಕೆತ್ತೇನಿ" ಎಂದರು.

ಅಧಿಕಾರಿ ನನ್ನತ್ತ ನೋಡಿದರು.

"ಮುದುಕ ಭಾಳ ಚ್ಯಾಷ್ಟಿ ಮಾಡ್ತಾನ್ರಿ" ಎಂದೆ. ಎಲ್ಲರೂ ನಕ್ಕರು.

ಮರುದಿನದಿಂದ ಯಾರು ಕೇಳಿದರೂ ಅವರು ಪಂಖ ಒರೆಸುತ್ತಲೇ, "ವಿಲಾಯತಿದು ರೀ" ಎನ್ನುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ.