ಮಳೆ ವಿಷಯ ತೆಗೆ

ತೊಂಬತ್ತರ ದಶಕದಲ್ಲಿ ಮೂಡಿಗೆರೆ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದೆ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ಹಾಸಿಗೆ ಬಟ್ಟೆಯ ಮೂಲೆ ಮಡಿಸುವುದು, ಎಲ್ಲಕ್ಕೂ ಪಾಠವಿತ್ತು. ರೋಗಿಯೇ ಮೈಮೇಲೆ ಕೈ ಹಾಕಿದರೆ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಹಿರಿಯ ಸಿಸ್ಟರ್ ಪಿಸುಗುಟ್ಟಿದ್ದೇ ನಮಗೆ ಸಿಕ್ಕ ತರಬೇತಿ.

"ದೊಡ್ಡೋರ ಹತ್ರ ಜಗಳ ಬೇಡ ಮಾರಾಯ್ತಿ. ಮಳೆ ವಿಷ್ಯ ತೆಗಿ. ಮಾತು ಆ ಕಡೆ ಹೋಗ್ತದೆ."

ನಮ್ಮ ಕಡೆ ಇರುಸುಮುರುಸಾದರೆ ಎಲ್ಲರೂ ಮಳೆಯ ಮಾತಿಗೇ ಮೊರೆ ಹೋಗುತ್ತಾರೆ. ನಾನೂ ನಂಬಿದೆ.

ಸ್ಪೆಷಲ್ ವಾರ್ಡಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಎಸ್ಟೇಟ್ ಧಣಿಯೊಬ್ಬರು, ನಾನು ಬಿ.ಪಿ. ನೋಡಲು ಬಗ್ಗಿದಾಗ ಸೊಂಟಕ್ಕೆ ಕೈ ಹಾಕಿದರು. ಸಿಸ್ಟರ್ ಹೇಳಿಕೊಟ್ಟದ್ದು ನೆನಪಾಯಿತು.

"ನಿಮ್ಮ ಕಡೆ ಹೂಮಳೆ ಆಯ್ತಾ ಸರ್?" ಎಂದೆ.

ಧಣಿಗೆ ಖುಷಿಯೋ ಖುಷಿ. ಮೇಲಿನ ತೋಟಕ್ಕೆ ಒಂದೂವರೆ ಇಂಚು, ಕೆಳಗಿನದಕ್ಕೆ ಮುಕ್ಕಾಲು, ಈ ಮಳೆಗೆ ಕಾಫಿ ಹೂ ಚೆನ್ನಾಗಿ ಅರಳುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಹೇಳಿ ಮುಗಿಯುವವರೆಗೂ ಕೈ ಅಲ್ಲೇ ಇತ್ತು. ಥೂ! ಇವತ್ತಿಗೂ ಯಾರಾದರೂ ಇಂಚಿನಲ್ಲಿ ಮಳೆ ಹೇಳಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಎರಡು ಸಾವಿರನೇ ಇಸವಿಯ ಈಚೆಗೆ ಅಲ್ಲಿಯೇ ಪಾಠ ಹೇಳುವವಳಾದೆ. ಇಂಥ ಕೈಗಳನ್ನು ತಡೆಯುವುದಕ್ಕೆಂದೇ ಒಂದು ಕ್ಲಾಸು ಇಟ್ಟೆ. ನಾನೇ ರೋಗಿಯಾಗಿ ಮಂಚದ ಮೇಲೆ ಮಲಗಿ ಹುಡುಗಿಯರ ಕೈ ಹಿಡಿಯುತ್ತಿದ್ದೆ. ಅವರು ಇಡೀ ವಾರ್ಡಿಗೆ ಕೇಳುವಂತೆ "ಕೈ ತೆಗೀರಿ" ಎನ್ನಬೇಕು, ಹಿಂದೆ ಸರಿಯಬೇಕು, ಸಿಸ್ಟರನ್ನು ಕೂಗಬೇಕು. ಕಳಸದ ಕಡೆಯ ಒಬ್ಬಳಿಗೆ ಮಾತ್ರ ದನಿಯೇ ಹೊರಡುತ್ತಿರಲಿಲ್ಲ.

"ಗಂಡಸರ ವಾರ್ಡ್ ನಂಗೆ ಆಗಲ್ಲ ಮೇಡಂ. ಓದು ಬಿಟ್ಟು ಮನೆಗೆ ಹೋಗ್ತೀನಿ," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಹೊಲಸು ಕೈ ಯಾರದೋ, ಓದು ಬಿಡಬೇಕಾದವಳು ಇವಳೇ? ದಿನಾ ಸಂಜೆ ಅವಳನ್ನು ನಿಲ್ಲಿಸಿಕೊಂಡು ಕೂಗಿಸಿದೆ.

ಒಂದು ಬೆಳಿಗ್ಗೆ ಗಂಡಸರ ವಾರ್ಡಿನಿಂದ ಅವಳ ದನಿ ಕೇಳಿತು.

"ಕೈ ತೆಗೀರಿ!"

ಓಡಿದೆ. ಮಲಗಿದ್ದವರೆಲ್ಲ ಎದ್ದು ಕೂತು ಆ ಕಡೆಗೇ ನೋಡುತ್ತಿದ್ದರು. ಆಲ್ದೂರಿನ ವ್ಯಾಪಾರಿಯೊಬ್ಬ, ಮೊಮ್ಮಕ್ಕಳನ್ನು ಕಂಡ ವಯಸ್ಸಿನವನು, ಕೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಿದ್ದ. ಹುಡುಗಿ ಹಿಂದೆ ಸರಿದು ನಿಂತಿದ್ದಳು.

ಆ ಮನುಷ್ಯ ನನ್ನನ್ನು ನೋಡಿ ಹಲ್ಲು ಕಿರಿದ.

"ಏನಿಲ್ಲ ಮೇಡಂ, ಸುಮ್ನೆ ಮಾತಾಡಿಸ್ದೆ. ಅದಿರ್ಲಿ, ನಿಮ್ಮ ಕಡೆ ಮಳೆ ಹೆಂಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದೆ ಬಂದಳು.

"ಮಳೆ ವಿಷ್ಯ ಬಿಡಿ. ಇವ್ರು ಏನ್ ಮಾಡಿದ್ರು ಅಂತ ನಾನ್ ಹೇಳ್ತೀನಿ ಮೇಡಂ," ಎಂದಳು, ಕೊನೆಯ ಮಂಚದವರೆಗೂ ಕೇಳುವಂತೆ.