ಹದಿನೈದರ ಮಗ್ಗಿಯ ಗಾಳಿ

ಕಾದ ಕಂಪ್ರೆಸರಿನ ಎಣ್ಣೆಗೂ ರಬ್ಬರಿಗೂ ಕೂಡಿ ಒಂದು ವಾಸನೆ ಇರುತ್ತದೆ. ಮೊನ್ನೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಕಾರಿನ ಗಾಲಿಗೆ ಗಾಳಿ ಹಾಕಿಸಲು ನಿಂತಾಗ ಅದು ಮೂಗಿಗೆ ಬಡಿಯಿತು. ಒತ್ತಡ ಮೂವತ್ತೆರಡು ಇರಲಿ ಎಂದೆ. ಅಂಗಡಿಯವ ಹೊಸ ಮೀಟರು ಹಿಡಿದು ತಲೆ ಕೆರೆದುಕೊಂಡ.

"ನೀವು ಪಿಎಸ್‌ಐ ಹೇಳಾಕತ್ತೀರಿ. ಇದು ಬಾರ್ ತೋರಸ್ತೈತ್ರಿ ಸರ್."

"ಎರಡು ಪಾಯಿಂಟ್ ಎರಡಕ್ಕ ನಿಲ್ಲಸು," ಅಂದೆ. ಅವನು ನಿಲ್ಲಿಸಿ, ಅಳತೆ ಬದಲಿಸುವ ಬಟನ್ ಹುಡುಕಿ ಒತ್ತಿದ. ಮೂವತ್ತೆರಡು.

"ಬಾಯಾಗ ಲೆಕ್ಕ ಮಾಡಿದ್ರೆಲ್ರೀ. ಯಾರ್ ಕಲಿಸಿದ್ರಿ?"

ಯಾರು ಕಲಿಸಿದರು…

ಇಳಕಲ್ಲಿನ ಹತ್ತಿರದ ಗ್ರಾನೈಟ್ ಕ್ವಾರಿಯೊಂದರಲ್ಲಿ ನಾನಾಗ ಸೂಪರ್‌ವೈಸರ್. ಡಿಪ್ಲೊಮಾ ಮುಗಿದ ಹೊಸತು, ಕಿಸೆಯಲ್ಲಿ ಕ್ಯಾಲ್ಕುಲೇಟರು. ಕಲ್ಲಿಗೆ ತೂತು ಹೊಡೆಯುವ ಡ್ರಿಲ್ಲುಗಳಿಗೆ ಗಾಳಿ ಕೊಡುವ ಕಂಪ್ರೆಸರುಗಳನ್ನು ನೋಡಿಕೊಳ್ಳಲು ಒಬ್ಬ ಹಿರಿಯರಿದ್ದರು. ಕೂಲಿಯವರಿಂದ ಹಿಡಿದು ಕ್ವಾರಿಯ ಮಾಲೀಕರಾದ ಸಾವಕಾರರವರೆಗೆ ಎಲ್ಲರಿಗೂ ಅವರು ಚಾಚಾ. ನಾನೊಬ್ಬನೇ ಅವರನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದೆ.

ಒಂದು ಮಶೀನಿನ ಮುಳ್ಳು ಪಿಎಸ್‌ಐ ತೋರಿಸುತ್ತಿತ್ತು, ಇನ್ನೊಂದರದ್ದು ಬಾರ್. ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪಿಎಸ್‌ಐ. ನಾನು ಕ್ಯಾಲ್ಕುಲೇಟರು ಹೊರಗೆ ತೆಗೆಯುವಷ್ಟರಲ್ಲಿ ಅವರು ಕೈಯೊರೆಸಿಕೊಳ್ಳುತ್ತ ಹೇಳಿ ಮುಗಿಸಿರುತ್ತಿದ್ದರು: "ಏಳು ಬಾರ್ ಅಲ್ಲೇನ್ರಿ? ಹದಿನೈದೇಳಲೆ ನೂರಾ ಐದು. ಏಳರ ಅರ್ಧ ತಗದು ಬಿಡ್ರಿ. ನೂರಾ ಒಂದೂವರಿ." ನನ್ನ ಯಂತ್ರವೂ ಅದನ್ನೇ ಹೇಳುತ್ತಿತ್ತು, ತಡವಾಗಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಮನುಷ್ಯ!

ಸಾವಕಾರರು ನನ್ನ ಲೆಕ್ಕ ಕೇಳಿ, ಆಮೇಲೆ ಅವರತ್ತ ತಿರುಗಿ, "ಚಾಚಾ, ಖರೆ ಏನ?" ಅನ್ನುತ್ತಿದ್ದರು. ಅವರು ತಲೆಯಾಡಿಸಿದ ಮೇಲೆಯೇ ಕೆಲಸ ಶುರು. ಆ ತಲೆಯಾಡಿಸುವಿಕೆಗೆ ನನ್ನ ಹೊಟ್ಟೆ ಉರಿಯುತ್ತಿತ್ತು. ಶುಕ್ರವಾರ ಅವರು ನಮಾಜಿಗೆ ಹೋದಾಗಲೇ ಸಾವಕಾರರು ಬರಲಿ ಎಂದು ಕಾಯುತ್ತಿದ್ದೆ. ಬರುತ್ತಿದ್ದರು. "ಇರ್ಲಿ, ಚಾಚಾ ಬರ್ಲಿ," ಎಂದು ನೆರಳಲ್ಲಿ ಕೂತುಬಿಡುತ್ತಿದ್ದರು.

ಅಷ್ಟರಲ್ಲಿ ಒಂದು ಹೊಸ ಕಂಪ್ರೆಸರ್ ಬಂತು. ಅದರ ಮುಳ್ಳಿನ ತಟ್ಟೆಯ ಮೇಲೆ ಬಾರೂ ಇಲ್ಲ, ಪಿಎಸ್‌ಐಯೂ ಇಲ್ಲ. ಎಂಪಿಎ ಎಂಬ ಬೇರೆಯೇ ಅಳತೆ, ಸಣ್ಣ ಅಕ್ಷರದಲ್ಲಿ. ಅದನ್ನು ಓದುವ ವ್ಯವಧಾನ ನನಗಿರಲಿಲ್ಲ. ಇದೊಂದನ್ನಾದರೂ ಮಿಸ್ತ್ರಿಯನ್ನು ಕೇಳದೆ ನಡೆಸಿ ತೋರಿಸಬೇಕಿತ್ತು. ಮುಳ್ಳು ಪಾಯಿಂಟ್ ಏಳಕ್ಕೆ ಬಂದಿತ್ತು. ಬಾರ್ ಎಂದೇ ತಿಳಿದೆ. ಒಂದು ಬಾರ್ ಕೂಡ ತುಂಬಿಲ್ಲವಲ್ಲ ಎಂದು ಗಾಳಿ ಏರಿಸುತ್ತಲೇ ಹೋದೆ. ಪಾಯಿಂಟ್ ಒಂಬತ್ತಕ್ಕೆ ಸೇಫ್ಟಿ ವಾಲ್ವ್ ಚೀರಿಕೊಂಡು ಗಾಳಿ ಕಕ್ಕಿತು. ವಾಲ್ವೇ ಕೆಟ್ಟಿದೆ ಎಂದುಕೊಂಡು ಅದನ್ನು ಬಿಗಿಮಾಡಲು ಪಾನಾ ಹಚ್ಚಿದೆ.

ಹಿಂದಿನಿಂದ ಒಂದು ಕೈ ನನ್ನ ಮಣಿಕಟ್ಟು ಹಿಡಿಯಿತು. ಇನ್ನೊಂದು ಕೈ ಮಶೀನು ಬಂದ್ ಮಾಡಿತು.

"ಅದು ಬೈಯಾಕತ್ತೈತ್ರಿ ಸಾಹೇಬ್ರ. ಬೈಯೋರ ಬಾಯಿ ಮುಚ್ಚಬಾರ್ದು, ಕೇಳಬೇಕು." ಆಮೇಲೆ ಮಿಸ್ತ್ರಿ ಬಿಗಿದು ನಿಂತಿದ್ದ ಪೈಪನ್ನು ತಟ್ಟಿ ತೋರಿಸಿದರು. "ಪಾಯಿಂಟ್ ಒಂಬತ್ತು ಬಾರಿಗೆ ಸೈಕಲ್ ಗಾಲಿನೂ ಗಟ್ಟಿ ಆಗಂಗಿಲ್ಲ. ಇದು ಹೆಂಗ ಕಲ್ಲಾಗೇತಿ ನೋಡ್ರಿ. ಇದರಾಗ ಒಂದಂದ್ರ ನಮ್ಮ ಹತ್ತು ಬಾರ್."

ಒಂಬತ್ತು ಬಾರ್ ಗಾಳಿಯ ಬಾಯಿ ಮುಚ್ಚಲು ಹೊರಟಿದ್ದೆ. ಸಿಡಿಯಬಹುದಾಗಿದ್ದ ಟ್ಯಾಂಕಿನ ಪಕ್ಕದಲ್ಲೇ ನಾನಿದ್ದೆ, ಆಚೆ ಆರು ಜನ ಡ್ರಿಲ್ ಹಿಡಿದು ನಿಂತಿದ್ದರು.

ಚೀರಿದ ಸದ್ದಿಗೆ ಸಾವಕಾರರು ಓಡಿಬಂದರು. ನನ್ನ ನೌಕರಿ ಆವತ್ತೇ ಮುಗಿಯಿತು ಎಂದುಕೊಂಡೆ. ಮಿಸ್ತ್ರಿ ನನ್ನ ಕೈಲಿದ್ದ ಪಾನಾ ತಮ್ಮ ಕೈಗೆ ತೆಗೆದುಕೊಂಡು, "ಹೊಸ ಮಶೀನ್ ಹೊಸ ಲೆಕ್ಕ ಹೇಳ್ತೈತ್ರಿ. ಸಾಹೇಬ್ರೂ ನಾನೂ ಕೂಡಿ ಬಿಡಿಸಿದ್ವಿ," ಎಂದರು.

ಉಪಕಾರವೇ ಸರಿ. ಆದರೂ ನಿಜ ಹೇಳುತ್ತೇನೆ, ಆವತ್ತಿನಷ್ಟು ಹೊಟ್ಟೆಕಿಚ್ಚು ನನಗೆ ಮತ್ತೆಂದೂ ಆಗಲಿಲ್ಲ. ಲೆಕ್ಕದಲ್ಲಷ್ಟೇ ಸೋತಿದ್ದೆ, ಈಗ ದೊಡ್ಡತನದಲ್ಲೂ ಸೋತೆ. ಎರಡು ತಿಂಗಳಲ್ಲಿ ಬಾಗಲಕೋಟೆಯ ಬೇರೆ ಕೆಲಸಕ್ಕೆ ಹೋದೆ. ಅವರಿಗೆ ಹೇಳಿ ಕೂಡ ಬರಲಿಲ್ಲ. ಅಲ್ಲಿ ಅದೇ ಹದಿನೈದರ ಮಗ್ಗಿ ಹೇಳಿ, ಅದೇ ಅರ್ಧ ತೆಗೆದು, ಕೇಳಿದವರಿಗೆಲ್ಲ "ನಂದ ಲೆಕ್ಕ" ಎನ್ನುತ್ತ ಬಂದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು, ಮಣ್ಣಾಗಿ ತಿಂಗಳಾದ ಮೇಲೆ…

ಅಂಗಡಿಯವ ವಾಲ್ವಿನ ಮುಚ್ಚಳ ತಿರುಗಿಸುತ್ತ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ರೂಢಿಯಂತೆ "ನಂದ" ಎಂಬುದು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

"ನಮ್ಮ ಚಾಚಾ ಕಲಿಸಿದ್ದಪಾ," ಅಂದೆ.

ಆ ಹೆಸರಿನಿಂದ ನಾನು ಅವರನ್ನು ಕರೆದದ್ದು ಅದೇ ಮೊದಲು.